ಥೀಮ್ ಪಾರ್ಕ್‌ನಲ್ಲಿ ಕ್ಯೂ ನಿಲ್ಲಲು ಆಗದವರಿಗೆ ಏನೇನು ವ್ಯವಸ್ಥೆ ಇದೆ? ಡಿಸ್ನಿಯಿಂದ ಬಿಡದಿವರೆಗೆ ತಿಳಿದಿರಬೇಕಾದ ಮಾಹಿತಿ

ಡಿಸೆಂಬರ್ ಬಂತೆಂದರೆ ತಾಲ್ಲೂಕಿನ ಶಾಲೆಗಳಿಂದ ಪ್ರವಾಸದ ಬಸ್ಸುಗಳು ಹೊರಡುತ್ತವೆ. ನೋಡುವ ಜಾಗಗಳ ಪಟ್ಟಿಯಲ್ಲಿ ಬಿಡದಿಯ ವಂಡರ್‌ಲಾ ಅಥವಾ ಮೈಸೂರಿನ ಜಿಆರ್‌ಎಸ್ ಪಾರ್ಕ್ ಇದ್ದೇ ಇರುತ್ತದೆ. ಹೋಗುವ ಮಕ್ಕಳ ಪಟ್ಟಿಯಲ್ಲಿ ಮಾತ್ರ ಒಂದಿಬ್ಬರ ಹೆಸರು ಇರುವುದಿಲ್ಲ. "ಅವನಿಗೆ ಅಷ್ಟು ಹೊತ್ತು ಕ್ಯೂನಲ್ಲಿ ನಿಲ್ಲೋಕಾಗಲ್ಲ ಸಾರ್, ಬಿಟ್ಬಿಡಿ" ಎಂದು ಮನೆಯವರೇ ಹೇಳಿ ಕಳಿಸಿರುತ್ತಾರೆ.

ಗಮನಿಸಿ, ಆ ಮಗುವಿಗೆ ರೈಡ್ ಇಷ್ಟವಿಲ್ಲ ಎಂದಲ್ಲ. ಮನೆಯವರು ಹೆದರಿದ್ದು ಕ್ಯೂಗೆ. ಬಿಸಿಲು, ನೂಕುನುಗ್ಗಲು, ಮೈಕಿನ ಗದ್ದಲ, ಮುಕ್ಕಾಲು ಗಂಟೆ ನಿಂತಲ್ಲೇ ನಿಲ್ಲುವುದು. ಎರಡು ನಿಮಿಷದ ರೈಡ್‌ಗಾಗಿ ಇಷ್ಟನ್ನೂ ದಾಟಲಾಗದೆ ಮನೆಯಲ್ಲೇ ಉಳಿಯುವವರು ನಮ್ಮ ನಡುವೆ ಇದ್ದಾರೆ.

ಈ ಸಮಸ್ಯೆಗೆ ಜಗತ್ತಿನ ದೊಡ್ಡ ಪಾರ್ಕ್‌ಗಳು ಏನು ಪರಿಹಾರ ಕಂಡುಕೊಂಡಿವೆ? ಅದರಲ್ಲಿ ಏನು ಎಡವಟ್ಟಾಯಿತು? ಕೋರ್ಟ್ ಏನು ಹೇಳಿತು? ನಮ್ಮ ಕಾನೂನಿನಲ್ಲಿ ಏನಿದೆ? ಒಂದೊಂದಾಗಿ ನೋಡೋಣ.

ಯಾರಿಗೆ ಕ್ಯೂ ಕಷ್ಟ?

ವಿಕಲಚೇತನರು ಅಂದ ಕೂಡಲೇ ವೀಲ್‌ಚೇರ್ ಕಣ್ಣಿಗೆ ಬರುತ್ತದೆ. ಆದರೆ ಕ್ಯೂ ವಿಷಯದಲ್ಲಿ ಹೆಚ್ಚು ಒದ್ದಾಡುವವರು ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತಾರೆ.

• ಆಟಿಸಂ ಇರುವ ಮಕ್ಕಳು: ಗದ್ದಲ, ಅಪರಿಚಿತರ ಮೈ ತಾಗುವುದು, ಎಷ್ಟು ಹೊತ್ತು ಎಂದು ಗೊತ್ತಿಲ್ಲದೆ ಕಾಯುವುದು ಇವರಿಗೆ ತಡೆಯಲಾಗದ ಹಿಂಸೆ. ಕಿರುಚಬಹುದು, ತಲೆ ಚಚ್ಚಿಕೊಳ್ಳಬಹುದು, ಓಡಿಹೋಗಬಹುದು. ನೋಡುವವರು "ಹಠಮಾರಿ" ಎಂದು ಬೈಯುತ್ತಾರೆ.
• ಬುದ್ಧಿ ಬೆಳವಣಿಗೆ ನಿಧಾನವಿರುವವರು: "ಇನ್ನೂ ಅರ್ಧ ಗಂಟೆ" ಎಂದರೆ ಏನು ಎಂಬುದೇ ಇವರಿಗೆ ಅರ್ಥವಾಗದೆ ಇರಬಹುದು.
• ಕರುಳಿನ ಅಥವಾ ಮೂತ್ರದ ಸಮಸ್ಯೆ ಇರುವವರು: ಥಟ್ಟನೆ ಶೌಚಾಲಯಕ್ಕೆ ಓಡಬೇಕು. ಕ್ಯೂ ಬಿಟ್ಟು ಹೋದರೆ ಜಾಗ ಹೋಯಿತು.
• ಸಂಧಿವಾತ, ನರದ ತೊಂದರೆ, ಪೋಲಿಯೋ ಇರುವವರು: ನಡೆಯಬಲ್ಲರು, ನಿಂತಲ್ಲೇ ನಿಲ್ಲಲಾರರು.
• ಬಿಸಿಲು ತಾಗಿದರೆ ತೊಂದರೆ ಹೆಚ್ಚಾಗುವ ಕಾಯಿಲೆ ಇರುವವರು.
• ವೀಲ್‌ಚೇರ್‌ನಲ್ಲಿ ಕೂತವರು: ಇವರು ಕೂತೇ ಕಾಯಬಲ್ಲರು. ಆದರೆ ಕ್ಯೂ ದಾರಿಯಲ್ಲಿ ಮೆಟ್ಟಿಲಿದ್ದರೆ ಅಥವಾ ಕಂಬಿಗಳ ನಡುವೆ ಗಾಲಿ ತಿರುಗದಿದ್ದರೆ ಅಲ್ಲೇ ನಿಲ್ಲಬೇಕಾಗುತ್ತದೆ.

ಒಬ್ಬೊಬ್ಬರ ಕಷ್ಟ ಒಂದೊಂದು ತರ. ಹಾಗಾಗಿ ಒಂದೇ ಪರಿಹಾರ ಎಲ್ಲರಿಗೂ ಒಗ್ಗುವುದಿಲ್ಲ. ಮುಂದೆ ಬರುವ ಜಗಳಗಳೆಲ್ಲ ಶುರುವಾಗುವುದು ಇಲ್ಲಿಂದಲೇ.

ಪಾರ್ಕ್‌ಗಳಲ್ಲಿ ಇರುವ ವ್ಯವಸ್ಥೆಗಳು

1. ಹೊರಗೆ ಕಾಯುವ ಟೋಕನ್: ಇದೇ ಮುಖ್ಯವಾದದ್ದು. ಒಂದು ರೈಡ್‌ಗೆ ಈಗ 50 ನಿಮಿಷ ಕ್ಯೂ ಇದೆ ಅಂದುಕೊಳ್ಳಿ. ಹತ್ತಿರ ಹತ್ತಿರ ಅಷ್ಟೇ ಹೊತ್ತಿನ ನಂತರದ ಸಮಯವೊಂದನ್ನು ನಿಮಗೆ ಬರೆದುಕೊಡುತ್ತಾರೆ. ಅಲ್ಲಿವರೆಗೆ ನೆರಳಲ್ಲಿ ಕೂರಬಹುದು, ಊಟ ಮಾಡಬಹುದು, ಶೌಚಾಲಯಕ್ಕೆ ಹೋಗಿ ಬರಬಹುದು. ಸಮಯಕ್ಕೆ ಬಂದರೆ ಬೇರೆ ಬಾಗಿಲಿನಿಂದ ಒಳಗೆ ಬಿಡುತ್ತಾರೆ.

ತಿರುಪತಿಗೆ ಹೋಗಿ ಬಂದವರಿಗೆ ಇದು ಹೊಸದಲ್ಲ. ಸರ್ವದರ್ಶನಕ್ಕೆ ಟೈಮ್ ಸ್ಲಾಟ್ ಟೋಕನ್ ಕೊಡುತ್ತಾರಲ್ಲ, ಅದೇ ಲೆಕ್ಕ. ಕಾಯುವುದು ತಪ್ಪುವುದಿಲ್ಲ, ಕಾಯುವ ಜಾಗ ಬದಲಾಗುತ್ತದೆ ಅಷ್ಟೆ.

2. ಕ್ಯೂ ಬಿಟ್ಟು ಹೋಗಿ ಮತ್ತೆ ಸೇರುವುದು: ನಡುವೆ ಶೌಚಾಲಯಕ್ಕೋ ಔಷಧಿಗೋ ಹೋಗಬೇಕಾದರೆ ಸಿಬ್ಬಂದಿಗೆ ಹೇಳಿ ಹೋಗುವುದು. ಮನೆಯವರು ಕ್ಯೂನಲ್ಲೇ ಇರುತ್ತಾರೆ, ನೀವು ವಾಪಸ್ ಬಂದು ಅವರನ್ನು ಸೇರಿಕೊಳ್ಳುವುದು.

3. ಪೋಷಕರ ಅದಲುಬದಲು: ಮಗುವಿಗೆ ರೈಡ್ ಬೇಡ, ಅಪ್ಪ-ಅಮ್ಮನಿಗೆ ಬೇಕು ಎಂದಿಟ್ಟುಕೊಳ್ಳಿ. ಒಬ್ಬರು ಕ್ಯೂ ನಿಂತು ಆಡಿ ಬರುವವರೆಗೆ ಇನ್ನೊಬ್ಬರು ಮಗುವಿನ ಜೊತೆ ಇರುತ್ತಾರೆ. ಆಮೇಲೆ ಎರಡನೆಯವರು ಮತ್ತೆ ಪೂರ್ತಿ ಕ್ಯೂ ನಿಲ್ಲಬೇಕಾಗಿಲ್ಲ. ಡಿಸ್ನಿಯಲ್ಲಿ ಇದಕ್ಕೆ ರೈಡರ್ ಸ್ವಿಚ್ ಎನ್ನುತ್ತಾರೆ. ಇದು ವಿಕಲಚೇತನರಿಗಷ್ಟೇ ಅಲ್ಲ, ಕೈಗೂಸು ಇರುವ ಮನೆಗಳಿಗೂ ಸಿಗುತ್ತದೆ.

4. ವೀಲ್‌ಚೇರ್‌ಗೆ ಬೇರೆ ದಾರಿ: ಮುಖ್ಯ ಕ್ಯೂ ದಾರಿಯಲ್ಲಿ ಗಾಲಿ ಹೋಗದಿದ್ದರೆ ಬೇರೆ ಬಾಗಿಲು. ಹೊಸ ಪಾರ್ಕ್‌ಗಳಲ್ಲಿ ಮುಖ್ಯ ಕ್ಯೂ ದಾರಿಯನ್ನೇ ಅಗಲವಾಗಿ, ಮೆಟ್ಟಿಲಿಲ್ಲದಂತೆ ಕಟ್ಟುತ್ತಾರೆ. ಆಗ ವೀಲ್‌ಚೇರ್‌ನವರೂ ಎಲ್ಲರ ಜೊತೆಗೇ ಕಾಯುತ್ತಾರೆ.

5. ಶಾಂತ ಕೋಣೆ: ಗದ್ದಲದಿಂದ ಕಂಗಾಲಾದ ಮಗುವನ್ನು ಸ್ವಲ್ಪ ಹೊತ್ತು ಕೂರಿಸಲು ಮಂದ ಬೆಳಕಿನ, ಸದ್ದಿಲ್ಲದ ಕೋಣೆ. ಅಮೆರಿಕದ ಫಿಲಡೆಲ್ಫಿಯಾ ಬಳಿಯ ಸೆಸಮಿ ಪ್ಲೇಸ್ 2018ರಲ್ಲಿ ಸಿಬ್ಬಂದಿಗೆಲ್ಲ ಆಟಿಸಂ ಬಗ್ಗೆ ತರಬೇತಿ ಕೊಡಿಸಿ, ಅದಕ್ಕಾಗಿ ಪ್ರಮಾಣಪತ್ರ ಪಡೆದ ಮೊದಲ ಥೀಮ್ ಪಾರ್ಕ್ ಎನಿಸಿಕೊಂಡಿತು.

ಇವೆಲ್ಲದರ ಜೊತೆ ಒಂದು ಮಾತು ನೆನಪಿಡಿ. ಕ್ಯೂ ಸೌಲಭ್ಯ ಸಿಕ್ಕಿತೆಂದು ರೈಡ್‌ನ ಸುರಕ್ಷತಾ ನಿಯಮ ಸಡಿಲವಾಗುವುದಿಲ್ಲ. ಎತ್ತರ, ತೂಕ, ಹೃದಯದ ತೊಂದರೆ, ಕೈಯಲ್ಲಿ ಕಂಬಿ ಹಿಡಿಯುವ ಶಕ್ತಿ ಇವುಗಳ ನಿಯಮ ಎಲ್ಲರಿಗೂ ಒಂದೇ.

ಡಿಸ್ನಿ ಕಥೆ: ಒಳ್ಳೆಯದಕ್ಕೆ ಮಾಡಿದ್ದು ಹೇಗೆ ಕೆಟ್ಟಿತು

ಅಮೆರಿಕದ ಉದಾಹರಣೆ ಏಕೆ ಎಂದು ಕೇಳಬಹುದು. ಸೌಲಭ್ಯ, ಅದರ ದುರುಪಯೋಗ, ಕೋರ್ಟ್ ಕೇಸು ಎಲ್ಲವೂ ಅಲ್ಲಿ ಆಗಿಹೋಗಿವೆ. ಮಗಳ ಮನೆಗೋ ಮಗನ ಮನೆಗೋ ಎಂದು ಅಮೆರಿಕಕ್ಕೆ ಹೋಗಿ, ಮೊಮ್ಮಕ್ಕಳ ಜೊತೆ ಡಿಸ್ನಿ ನೋಡಿ ಬರುವವರು ನಮ್ಮ ಕಡೆಯೂ ಇದ್ದಾರೆ. ಅವರಿಗೂ ಇದು ಬೇಕಾದ ಮಾಹಿತಿ.

ಡಿಸ್ನಿಯ ಮೊದಲ ಪಾರ್ಕ್ 1955ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ, ಎರಡನೆಯದು 1971ರಲ್ಲಿ ಫ್ಲೋರಿಡಾದ ಒರ್ಲ್ಯಾಂಡೋ ಬಳಿ ತೆರೆಯಿತು. 2013ರವರೆಗೆ ಈ ಪಾರ್ಕ್‌ಗಳಲ್ಲಿ ಗೆಸ್ಟ್ ಅಸಿಸ್ಟೆನ್ಸ್ ಕಾರ್ಡ್ ಎಂಬುದಿತ್ತು. ತೊಂದರೆ ಹೇಳಿಕೊಂಡರೆ ಕಾರ್ಡ್ ಕೊಡುತ್ತಿದ್ದರು. ಅದನ್ನು ತೋರಿಸಿದರೆ ಹಲವು ರೈಡ್‌ಗಳಿಗೆ ಬೇರೆ ಬಾಗಿಲಿನಿಂದ ಹೆಚ್ಚು ಕಾಯದೆ ಹೋಗಬಹುದಿತ್ತು, ಎಷ್ಟು ಸಲ ಬೇಕಾದರೂ.

ಇಂಥ ಕಾರ್ಡ್ ಇದೆ ಎಂದು ಊರಿಗೆಲ್ಲ ಗೊತ್ತಾದರೆ ಏನಾಗುತ್ತದೋ ಅದೇ ಆಯಿತು. 2013ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಪೋಸ್ಟ್ ಪತ್ರಿಕೆ ಒಂದು ವರದಿ ಮಾಡಿತು. ನ್ಯೂಯಾರ್ಕ್‌ನ ಕೆಲವು ಶ್ರೀಮಂತ ಕುಟುಂಬಗಳು ಗಂಟೆಗೆ 130 ಡಾಲರ್ ಕೊಟ್ಟು ವಿಕಲಚೇತನ ಗೈಡ್ ಒಬ್ಬರನ್ನು ಬಾಡಿಗೆಗೆ ಪಡೆದು, "ಇವರು ನಮ್ಮ ಮನೆಯವರು" ಎಂದು ಹೇಳಿ ಕ್ಯೂ ತಪ್ಪಿಸುತ್ತಿವೆ ಎಂಬುದು ಆ ಸುದ್ದಿ. ದೊಡ್ಡ ಗದ್ದಲವಾಯಿತು.

ಅದೇ ವರ್ಷ ಅಕ್ಟೋಬರ್ 9ರಿಂದ ಡಿಸ್ನಿ ಹಳೆ ಕಾರ್ಡ್ ನಿಲ್ಲಿಸಿ ಡಿಸೆಬಿಲಿಟಿ ಆಕ್ಸೆಸ್ ಸರ್ವಿಸ್ ತಂದಿತು. ಚಿಕ್ಕದಾಗಿ ಡಾಸ್ ಎನ್ನುತ್ತಾರೆ. ಇದು ಮೇಲೆ ಹೇಳಿದ ಟೋಕನ್ ಪದ್ಧತಿ. ನೇರ ಪ್ರವೇಶ ಹೋಯಿತು, ಹೊರಗೆ ಕಾಯುವುದು ಬಂತು. ಒಂದು ಸಲಕ್ಕೆ ಒಂದು ರೈಡ್‌ನ ಟೋಕನ್ ಮಾತ್ರ. ಸೌಲಭ್ಯ ಪಡೆದ ವ್ಯಕ್ತಿ ತಾನೂ ರೈಡ್‌ಗೆ ಹೋಗಬೇಕು, ಅವರ ಹೆಸರಲ್ಲಿ ಉಳಿದವರು ಹೋಗಿಬರುವ ಹಾಗಿಲ್ಲ. ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ. ಮೊದಲು ಕಾಗದದ ಮೇಲೆ ನಡೆಯುತ್ತಿದ್ದದ್ದು ಈಗ ಮೊಬೈಲ್ ಆಪ್‌ಗೆ ಬಂದಿದೆ.

ತಮಗಿರುವುದು ಪ್ರಾಣಾಂತಿಕ ಕಾಯಿಲೆ ಎಂದು ಗೊತ್ತಾದ ಮಕ್ಕಳ ಆಸೆ ಈಡೇರಿಸುವ ಸಂಸ್ಥೆಗಳ ಮೂಲಕ ಬರುವ ಕುಟುಂಬಗಳ ವಿಷಯ ಬೇರೆ. ಅವರಿಗೆ ಪ್ರತ್ಯೇಕ ಪಾಸ್ ಇದೆ.

2024ರ ಬಿಗಿ ನಿಯಮ

ಕಥೆ ಅಲ್ಲಿಗೆ ಮುಗಿಯಲಿಲ್ಲ. ಡಿಸ್ನಿಯಲ್ಲಿ 1999ರಿಂದ ಫಾಸ್ಟ್‌ಪಾಸ್ ಎಂಬ ಉಚಿತ ಟೋಕನ್ ಎಲ್ಲರಿಗೂ ಸಿಗುತ್ತಿತ್ತು. 2021ರಲ್ಲಿ ಅದು ಹೋಗಿ, ದುಡ್ಡು ಕೊಟ್ಟವರಿಗೆ ಲೈಟ್ನಿಂಗ್ ಲೇನ್ ಎಂಬ ಬೇರೆ ಸಾಲು ಬಂತು. ತಿರುಪತಿಯ 300 ರೂಪಾಯಿ ದರ್ಶನದ ಹಾಗೆ ಎಂದುಕೊಳ್ಳಿ. ಡಾಸ್ ಇರುವವರು ತಮ್ಮ ಸಮಯಕ್ಕೆ ಬಂದು ಒಳಗೆ ಹೋಗುವುದೂ ಇದೇ ಸಾಲಿನಿಂದ.

ಈಗ ಲೆಕ್ಕ ನೋಡಿ. ಇನ್ನೊಬ್ಬರು ದುಡ್ಡು ಕೊಟ್ಟು ಪಡೆಯುವ ಬಾಗಿಲು ಡಾಸ್‌ನವರಿಗೆ ಪುಕ್ಕಟೆ. ಡಾಸ್ ಬಳಸುವವರ ಸಂಖ್ಯೆ ಐದು ವರ್ಷದಲ್ಲಿ ಮೂರು ಪಟ್ಟು ದಾಟಿದೆ ಎಂದು 2024ರಲ್ಲಿ ಡಿಸ್ನಿ ಹೇಳಿತು. ನಿಜವಾಗಿ ಕಷ್ಟ ಇರುವವರ ಜೊತೆ ಸುಳ್ಳು ಹೇಳಿದವರೂ ಸೇರಿದ್ದಾರೆ ಎಂಬುದು ಅದರ ವಾದ.

2024ರ ಮೇ 20ರಿಂದ ಫ್ಲೋರಿಡಾದಲ್ಲಿ, ಜೂನ್ 18ರಿಂದ ಕ್ಯಾಲಿಫೋರ್ನಿಯಾದಲ್ಲಿ ಹೊಸ ನಿಯಮ ಬಂತು. ಅದರ ಸಾರ ಹೀಗಿದೆ:

• ಆಟಿಸಂ ಅಥವಾ ಅದರಂಥ ಬೆಳವಣಿಗೆಯ ವೈಕಲ್ಯದಿಂದಾಗಿ ಮಾಮೂಲಿ ಕ್ಯೂನಲ್ಲಿ ಹೆಚ್ಚು ಹೊತ್ತು ಕಾಯಲಾಗದವರಿಗಾಗಿ ಡಾಸ್.
• ವಿಡಿಯೋ ಕಾಲ್‌ನಲ್ಲಿ ಸಿಬ್ಬಂದಿ ಜೊತೆ ಮಾತಾಡಬೇಕು. ಬೇಕಿದ್ದರೆ ಆರೋಗ್ಯ ವೃತ್ತಿಪರರೊಬ್ಬರೂ ಮಾತಿಗೆ ಸೇರುತ್ತಾರೆ.
• ಸುಳ್ಳು ಹೇಳಿದ್ದು ಗೊತ್ತಾದರೆ ಪಾರ್ಕ್‌ಗೆ ಶಾಶ್ವತವಾಗಿ ಪ್ರವೇಶವಿಲ್ಲ, ಟಿಕೆಟ್ ದುಡ್ಡೂ ವಾಪಸ್ಸಿಲ್ಲ.

ಪೆಟ್ಟು ಬಿದ್ದದ್ದು ಯಾರಿಗೆ? ಕರುಳಿನ ಕಾಯಿಲೆ, ನರದ ತೊಂದರೆ, ಬಿಸಿಲು ತಡೆಯಲಾಗದ ಕಾಯಿಲೆ ಇರುವ ಎಷ್ಟೋ ಜನರಿಗೆ. ವರ್ಷಗಟ್ಟಲೆ ಡಾಸ್ ಪಡೆಯುತ್ತಿದ್ದವರಿಗೆ ಈಗ "ಕ್ಯೂ ಬಿಟ್ಟು ಹೋಗಿ ಮತ್ತೆ ಸೇರಿಕೊಳ್ಳಿ" ಎಂಬ ಉತ್ತರ ಸಿಗತೊಡಗಿತು. ಒಬ್ಬರೇ ಮಗುವನ್ನು ಕರೆದುಕೊಂಡು ಬಂದ ತಾಯಿ ಕ್ಯೂ ಬಿಟ್ಟು ಎಲ್ಲಿಗೆ ಹೋಗಬೇಕು, ಮಗುವನ್ನು ಯಾರ ಬಳಿ ಬಿಡಬೇಕು ಎಂಬ ಪ್ರಶ್ನೆ ಎದ್ದಿತು. ಈ ನಿಯಮದ ವಿರುದ್ಧ 2025ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಮೊಕದ್ದಮೆಯೂ ದಾಖಲಾಯಿತು.

ಕಳ್ಳರು ನುಗ್ಗುತ್ತಾರೆಂದು ಬಾಗಿಲು ಕಿರಿದು ಮಾಡಿದರೆ ಮೊದಲು ಹೊರಗುಳಿಯುವುದು ಮನೆಯವರೇ ಎನ್ನುವ ಹಾಗಾಯಿತು.

ಕೋರ್ಟ್ ಏನು ಹೇಳಿತು?

ಅಮೆರಿಕದಲ್ಲಿ ವಿಕಲಚೇತನರ ಹಕ್ಕಿನ ಕಾಯ್ದೆಗೆ 1990ರ ಜುಲೈ 26ರಂದು ಅಧ್ಯಕ್ಷ ಜಾರ್ಜ್ ಎಚ್.ಡಬ್ಲ್ಯೂ. ಬುಷ್ ಸಹಿ ಹಾಕಿದರು. ಹೋಟೆಲ್, ಅಂಗಡಿ, ಚಿತ್ರಮಂದಿರ, ಮನರಂಜನಾ ಪಾರ್ಕ್ ಎಲ್ಲಕ್ಕೂ ಅದು ಅನ್ವಯಿಸುತ್ತದೆ. ವಿಕಲಚೇತನರಿಗೆ ಅಗತ್ಯವಿದ್ದರೆ ನಿಯಮಗಳನ್ನು ನ್ಯಾಯವಾದ ಮಟ್ಟಿಗೆ ಬದಲಿಸಿಕೊಡಬೇಕು ಎಂಬುದು ಅದರ ತಿರುಳು.

ಎಷ್ಟರ ಮಟ್ಟಿಗೆ? ಇದಕ್ಕೆ ಉತ್ತರ ಬಂದದ್ದು ಗಾಲ್ಫ್ ಮೈದಾನದಿಂದ. ಕೇಸಿ ಮಾರ್ಟಿನ್ ಎಂಬ ಆಟಗಾರರಿಗೆ ಕಾಲಿನಲ್ಲಿ ರಕ್ತಸಂಚಾರದ ತೊಂದರೆ. ನಡೆಯುವ ಬದಲು ಗಾಡಿಯಲ್ಲಿ ಹೋಗಲು ಬಿಡಿ ಎಂದು ಕೇಳಿದರು, ಸಂಘಟಕರು ಒಪ್ಪಲಿಲ್ಲ. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಾರ್ಟಿನ್ ಪರ ತೀರ್ಪು ಕೊಟ್ಟಿತು. ನೋಡಬೇಕಾದ ಪ್ರಶ್ನೆಗಳು ಮೂರು: ಕೇಳಿದ ಬದಲಾವಣೆ ನ್ಯಾಯವಾಗಿದೆಯೇ? ಆ ವ್ಯಕ್ತಿಗೆ ಅದು ಅಗತ್ಯವೇ? ಕೊಟ್ಟರೆ ಆಟದ ಸ್ವರೂಪವೇ ಬದಲಾಗುತ್ತದೆಯೇ?

ಇದೇ ಮೂರು ಪ್ರಶ್ನೆ ಡಿಸ್ನಿ ಕೇಸಿನಲ್ಲೂ ಬಂದವು. ಆಟಿಸಂ ಇರುವ ಯುವಕನೊಬ್ಬನ ಪರವಾಗಿ ಆತನ ತಾಯಿ ಕೇಸು ಹಾಕಿದ್ದರು. ಮಗ ಪಾರ್ಕ್ ಅನ್ನು ಒಂದೇ ಕ್ರಮದಲ್ಲಿ ಸುತ್ತುತ್ತಾನೆ, ಕ್ರಮ ತಪ್ಪಿದರೆ ತಡೆದುಕೊಳ್ಳಲಾರ, ಹೊರಗೆ ಕಾಯುವ ಟೋಕನ್ ಅವನಿಗೆ ಉಪಯೋಗವಿಲ್ಲ, ಕಾಯದೆ ಒಳಹೋಗುವ ಪಾಸ್ ಬೇಕು ಎಂಬುದು ಅವರ ಬೇಡಿಕೆ. 2018ರಲ್ಲಿ ಮೇಲ್ಮನವಿ ಕೋರ್ಟ್, ಇದನ್ನು ವಿಚಾರಣೆ ನಡೆಸಿಯೇ ತೀರ್ಮಾನಿಸಬೇಕು ಎಂದು ಕೆಳಗಿನ ಕೋರ್ಟ್‌ಗೆ ವಾಪಸ್ ಕಳಿಸಿತು. 2020ರಲ್ಲಿ ಫ್ಲೋರಿಡಾದ ನ್ಯಾಯಾಧೀಶೆ ಡಿಸ್ನಿ ಪರ ತೀರ್ಪು ಕೊಟ್ಟರು. ಆ ಪಾಸ್ ಅವನಿಗೆ ಅಗತ್ಯವೆಂದು ಸಾಬೀತಾಗಿಲ್ಲ, ಅಂಥ ಪಾಸ್ ಕೊಡುತ್ತಾ ಹೋದರೆ ಉಳಿದವರ ಕಾಯುವಿಕೆ ಬೆಳೆದು ಪಾರ್ಕ್ ನಡೆಯುವ ರೀತಿಯೇ ಬುಡಮೇಲಾಗುತ್ತದೆ ಎಂದರು.

ತೀರ್ಪು ತಾಯಿಯ ವಿರುದ್ಧ ಬಂತು, ನಿಜ. ಆದರೆ ಕ್ಯೂ ವ್ಯವಸ್ಥೆಯೂ ವಿಕಲಚೇತನರ ಹಕ್ಕಿನ ಅಳತೆಗೋಲಿಗೆ ಬರುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಬರೀ ಹೆಸರಿಗೆ ಸೌಲಭ್ಯ ಇಟ್ಟರೆ ಸಾಲದು, ಎದುರಿಗಿರುವ ವ್ಯಕ್ತಿಗೆ ಅದು ಒದಗುತ್ತದೆಯೇ ಎಂದು ನೋಡಬೇಕು ಎಂಬ ಮಾತು ಉಳಿಯಿತು.

ಬೇರೆ ಪಾರ್ಕ್‌ಗಳಲ್ಲಿ ಹೇಗೆ?

ಯೂನಿವರ್ಸಲ್ (ಅಮೆರಿಕ): 2023ರಿಂದ ಐಬಿಸಿಸಿಇಎಸ್ ಎಂಬ ಸಂಸ್ಥೆಯ ಕಾರ್ಡ್ ಕೇಳುತ್ತಾರೆ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ವೈದ್ಯರ ಪತ್ರದಂಥ ದಾಖಲೆ ಕೊಡಬೇಕು. ಹೋಗುವುದಕ್ಕೆ ಕನಿಷ್ಠ 48 ಗಂಟೆ ಮೊದಲು ಮಾಡಿಸಬೇಕು. ಕಾರ್ಡ್‌ಗೆ ಹಣವಿಲ್ಲ. ಸಿಕ್ಸ್ ಫ್ಲ್ಯಾಗ್ಸ್ ಪಾರ್ಕ್‌ಗಳೂ ಇದೇ ಕಾರ್ಡ್ ಬಳಸುತ್ತವೆ.

ಡಿಸ್ನಿಲ್ಯಾಂಡ್ ಪ್ಯಾರಿಸ್: ಪ್ರಯಾರಿಟಿ ಕಾರ್ಡ್ ಇದೆ. ಮಾತು ಸಾಲದು, ದಾಖಲೆ ತೋರಿಸಬೇಕು.

ಬ್ರಿಟನ್: 2010ರ ಸಮಾನತೆ ಕಾಯ್ದೆಯಡಿ ಸೇವೆ ಕೊಡುವವರು ನ್ಯಾಯವಾದ ಹೊಂದಾಣಿಕೆ ಮಾಡಿಕೊಡಲೇಬೇಕು. ಆಲ್ಟನ್ ಟವರ್ಸ್, ಲೆಗೋಲ್ಯಾಂಡ್ ಮುಂತಾದ ಕಡೆ ರೈಡ್ ಆಕ್ಸೆಸ್ ಪಾಸ್ ಇದೆ. ಅಲ್ಲೂ ಕ್ಯೂ ಹೊರಗೆ ಕಾಯುವ ಪದ್ಧತಿಯೇ.

ಮಾರ್ಗನ್ಸ್ ವಂಡರ್‌ಲ್ಯಾಂಡ್ (ಟೆಕ್ಸಾಸ್, ಅಮೆರಿಕ): ಇದೊಂದು ಬೇರೆಯದೇ ದಾರಿ. ಮಗಳ ಜೊತೆ ಬೇರೆ ಮಕ್ಕಳು ಆಟಕ್ಕೆ ಸೇರದಿದ್ದುದನ್ನು ನೋಡಿದ ಗಾರ್ಡನ್ ಹಾರ್ಟ್‌ಮನ್ ಎಂಬ ಉದ್ಯಮಿ 2010ರಲ್ಲಿ ಸ್ಯಾನ್ ಆಂಟೋನಿಯೋ ನಗರದಲ್ಲಿ ಕಟ್ಟಿಸಿದ್ದು. ವೀಲ್‌ಚೇರ್ ಸಮೇತ ರೈಡ್ ಹತ್ತಬಹುದು. ವಿಕಲಚೇತನರಿಗೆ ಟಿಕೆಟ್ ಇಲ್ಲ. ಸೌಲಭ್ಯವನ್ನು ಕೊನೆಗೆ ಅಂಟಿಸುವ ಬದಲು ಮೊದಲೇ ಅವರನ್ನು ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಿದ್ದಾರೆ.

ನಮ್ಮ ಕಾನೂನಿನಲ್ಲಿ ಏನಿದೆ?

ವಂಡರ್‌ಲಾ 2005ರಲ್ಲಿ ಬಿಡದಿಯಲ್ಲಿ ಶುರುವಾದಾಗ ನಮ್ಮಲ್ಲಿ 1995ರ ಹಳೆ ಕಾಯ್ದೆ ಇತ್ತು. ಆಟಿಸಂ ಅದರ ಪಟ್ಟಿಯಲ್ಲೇ ಇರಲಿಲ್ಲ. ಈಗ ಇರುವುದು ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಇದರಲ್ಲಿ ಆಟಿಸಂ ಸೇರಿ 21 ಬಗೆಯ ವೈಕಲ್ಯಗಳಿವೆ. ಕ್ಯೂ ವಿಷಯಕ್ಕೆ ಬೇಕಾದ ಅಂಶಗಳು ಇವು:

• ಸೂಕ್ತ ಹೊಂದಾಣಿಕೆ: ಕೊಡುವವರಿಗೆ ಮಿತಿಮೀರಿದ ಹೊರೆಯಾಗದ ರೀತಿಯಲ್ಲಿ, ಆ ವ್ಯಕ್ತಿಗೆ ಅಗತ್ಯವಿರುವ ಬದಲಾವಣೆ ಮಾಡಿಕೊಡುವುದು. ಇದನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಕಾಯ್ದೆ ಹೇಳುತ್ತದೆ.
• ಮನರಂಜನೆಯೂ ಹಕ್ಕು: ವಿಕಲಚೇತನರು ಎಲ್ಲರಂತೆ ಸಾಂಸ್ಕೃತಿಕ ಬದುಕಿನಲ್ಲಿ, ಮನರಂಜನೆಯಲ್ಲಿ ಪಾಲ್ಗೊಳ್ಳುವಂತೆ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ಕ್ರಮ ಕೈಗೊಳ್ಳಬೇಕು ಎನ್ನುತ್ತದೆ 29ನೇ ಕಲಂ.
• ದಂಡ: ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ. ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ.
• ಸುಳ್ಳು ಹೇಳಿ ಸೌಲಭ್ಯ ಪಡೆದವರಿಗೆ: ವಿಕಲಚೇತನರಿಗೆಂದು ಇರುವ ಲಾಭವನ್ನು ಮೋಸದಿಂದ ಪಡೆದರೆ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನೂ ತಿಳಿದಿರಿ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯೊಬ್ಬರು ಪರೀಕ್ಷೆಗೆ ಬರಹಗಾರರನ್ನು ಕೇಳಿದ ಪ್ರಕರಣದಲ್ಲಿ (ವಿಕಾಸ್ ಕುಮಾರ್ ಪ್ರಕರಣ, 2021), ಸೂಕ್ತ ಹೊಂದಾಣಿಕೆ ಪಡೆಯಲು ಶೇ. 40ರಷ್ಟು ವೈಕಲ್ಯ ಇರಲೇಬೇಕೆಂದಿಲ್ಲ ಎಂದು ಕೋರ್ಟ್ ಸ್ಪಷ್ಟಪಡಿಸಿತು. ಶೇ. 40ರ ಗಡಿ ಮೀಸಲಾತಿಯಂಥ ಸೌಲಭ್ಯಗಳಿಗೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ, ಸಾರ್ವಜನಿಕ ಸ್ಥಳಗಳು ವಿಕಲಚೇತನರಿಗೆ ಬಳಸಲು ಬರುವಂತಿರಬೇಕು ಎಂಬುದು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮ ರೂಪಿಸಿ ಎಂದು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು.

ಪಾರ್ಕ್‌ಗೆ ಹೊರಡುವ ಮುಂಚೆ ಹೀಗೆ ಮಾಡಿ

• ಟಿಕೆಟ್ ತೆಗೆಯುವ ಮೊದಲೇ ಪಾರ್ಕ್‌ನ ಕಚೇರಿಗೆ ಫೋನ್ ಅಥವಾ ಇಮೇಲ್ ಮಾಡಿ. ಇಮೇಲ್ ಮಾಡಿದರೆ ಉತ್ತರ ಕೈಯಲ್ಲಿ ಉಳಿಯುತ್ತದೆ, ಗೇಟಿನಲ್ಲಿ ತೋರಿಸಬಹುದು.
• ಕಾಯಿಲೆಯ ಹೆಸರು ಹೇಳಿ ಸುಮ್ಮನಾಗಬೇಡಿ. ಕ್ಯೂನಲ್ಲಿ ಏನಾಗುತ್ತದೆ ಎಂದು ಹೇಳಿ. "ಮಗನಿಗೆ ಆಟಿಸಂ ಇದೆ" ಎನ್ನುವುದಕ್ಕಿಂತ "ಹತ್ತು ನಿಮಿಷಕ್ಕಿಂತ ಹೆಚ್ಚು ಜನರ ನಡುವೆ ನಿಂತರೆ ಓಡಿಹೋಗ್ತಾನೆ, ಹೊರಗೆ ಕೂತು ಕಾಯೋಕೆ ಆಗುತ್ತೆ" ಎಂದರೆ ಎದುರಿನವರಿಗೆ ಏನು ಮಾಡಬೇಕೆಂದು ತಿಳಿಯುತ್ತದೆ.
• ಯುಡಿಐಡಿ ಕಾರ್ಡ್ ಇದ್ದರೆ ಜೊತೆಗಿಟ್ಟುಕೊಳ್ಳಿ, ಮೊಬೈಲ್‌ನಲ್ಲೂ ಫೋಟೋ ಇರಲಿ. ಕಾರ್ಡ್ ಇಲ್ಲದಿದ್ದರೆ ಸ್ವಾವಲಂಬನ್ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಬಹುದು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ) ಅಥವಾ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯೂ) ಇದಕ್ಕೆ ನೆರವಾಗುತ್ತಾರೆ.
• ಶನಿವಾರ, ಭಾನುವಾರ, ರಜೆ ದಿನ ಬೇಡ. ಗೇಟ್ ತೆರೆಯುವ ಹೊತ್ತಿಗೆ ಇದ್ದರೆ ಮೊದಲ ಒಂದು ಗಂಟೆಯಲ್ಲಿ ಮಗುವಿಗೆ ಇಷ್ಟವಾದ ರೈಡ್ ಮುಗಿಯುತ್ತದೆ.
• ಟೋಪಿ, ನೀರು, ಬಾಯಾಡಿಸಲು ಏನಾದರೂ, ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಇರಲಿ. ಓಡಿಹೋಗುವ ಮಗುವಾದರೆ ನಿಮ್ಮ ಫೋನ್ ನಂಬರ್ ಬರೆದ ಪಟ್ಟಿ ಕೈಗೆ ಕಟ್ಟಿ.
• ಒಬ್ಬರೇ ಕರೆದೊಯ್ಯಬೇಡಿ. ಒಬ್ಬರು ಸಾಲಿನಲ್ಲಿ, ಒಬ್ಬರು ಮಗುವಿನ ಜೊತೆ ಇದ್ದರೆ ಅರ್ಧ ಸಮಸ್ಯೆ ಅಲ್ಲೇ ಕಳೆಯುತ್ತದೆ.
• ಅವಮಾನವಾದರೆ, ಸೌಲಭ್ಯ ಕೊಡದಿದ್ದರೆ ಮೊದಲು ಪಾರ್ಕ್‌ನ ಮ್ಯಾನೇಜರ್‌ಗೆ ಲಿಖಿತವಾಗಿ ಕೊಡಿ. ಆಮೇಲೂ ಸರಿಹೋಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರ ಕಚೇರಿಗೆ ದೂರು ಕೊಡಬಹುದು. ದಿನಾಂಕ, ಸಮಯ, ಟಿಕೆಟ್ ನಂಬರ್ ಬರೆದಿಟ್ಟುಕೊಂಡಿರಿ.

ಅಂಗಡಿಯವರಿಗೆ, ಜಾತ್ರೆ ಸಮಿತಿಯವರಿಗೆ ಒಂದು ಮಾತು

ಈ ಟೋಕನ್ ಲೆಕ್ಕಕ್ಕೆ ಕೋಟಿ ಖರ್ಚಿಲ್ಲ. ಮತಗಟ್ಟೆಯಲ್ಲಿ ವಿಕಲಚೇತನರನ್ನು ಮೊದಲು ಬಿಡುವುದು ನಮಗೆಲ್ಲ ರೂಢಿಯಾಗಿದೆ. 2023ರ ವಿಧಾನಸಭಾ ಚುನಾವಣೆಯಲ್ಲಂತೂ 80 ದಾಟಿದವರಿಗೆ, ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಬಂತು. ಯಾರೂ "ಇವರಿಗ್ಯಾಕೆ" ಎಂದು ಕೇಳಲಿಲ್ಲ.

ಅದೇ ಮನಸ್ಸು ದಿನದ ವ್ಯಾಪಾರದಲ್ಲೂ ಸಾಧ್ಯ. ಮೆಡಿಕಲ್ ಶಾಪ್‌ನಲ್ಲಿ ಸಂಜೆ ರಶ್ ಇರುತ್ತದೆ. ಕೌಂಟರ್ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ, ನಿಲ್ಲಲಾಗದವರಿಗೆ "ಕೂತ್ಕೊಳಿ ಅಮ್ಮ, ನಿಮ್ಮ ಸರದಿ ಬಂದಾಗ ಕರೀತೀನಿ" ಎಂದರೆ ಆಯಿತು. ನ್ಯಾಯಬೆಲೆ ಅಂಗಡಿಯಲ್ಲಿ ರಟ್ಟಿನ ಮೇಲೆ ನಂಬರ್ ಬರೆದು ಕೊಟ್ಟರೆ ಅದೇ ಟೋಕನ್. ಹೋಟೆಲ್‌ನಲ್ಲಿ ಟೇಬಲ್ ಖಾಲಿಯಾದಾಗ ಒಂದು ಮಿಸ್ಡ್ ಕಾಲ್ ಕೊಟ್ಟರೆ, ಗದ್ದಲ ತಡೆಯದ ಮಗು ಅಲ್ಲಿವರೆಗೆ ಆಟೋದಲ್ಲೋ ಕಾರಿನಲ್ಲೋ ಕೂತಿರಬಹುದು. ಜಾತ್ರೆಯ ಜಾಯಿಂಟ್ ವೀಲ್ ಮುಂದೆ ಇಂಥವರಿಗೆ ಸಮಯ ಬರೆದುಕೊಡುವ ಒಬ್ಬ ಹುಡುಗ ನಿಂತರೆ ಸಾಕು.

ಸಾಲಿನಲ್ಲಿ ನಿಂತ ಉಳಿದವರಿಗೆ ಬೇಜಾರಾಗುವುದಿಲ್ಲವೇ? ನೇರ ಒಳಗೆ ಬಿಟ್ಟರೆ ಗೊಣಗುತ್ತಾರೆ, ಆ ಗೊಣಗಾಟದಲ್ಲಿ ನ್ಯಾಯವೂ ಇದೆ. ಸರದಿ ಉಳಿಸಿ ಕುರ್ಚಿ ಕೊಟ್ಟರೆ ಯಾರ ಪಾಲೂ ಹೋಗುವುದಿಲ್ಲ. ಡಿಸ್ನಿ ಹತ್ತಾರು ವರ್ಷ ತಲೆಕೆಡಿಸಿಕೊಂಡು ಬಂದು ಮುಟ್ಟಿದ್ದೂ ಇಲ್ಲಿಗೇ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಫಾಸ್ಟ್ ಟ್ರ್ಯಾಕ್ ಟಿಕೆಟ್ ತಗೊಂಡ್ರೆ ಆಯ್ತಲ್ಲ?
ದುಡ್ಡಿದ್ದವರಿಗೆ ಅನುಕೂಲ, ನಿಜ. ಆದರೆ ಅದು ವ್ಯಾಪಾರದ ಸೌಲಭ್ಯ. ವೈಕಲ್ಯಕ್ಕೆ ಬೇಕಾದ ಹೊಂದಾಣಿಕೆಗೆ ಹೆಚ್ಚು ದುಡ್ಡು ಕೊಡಿ ಎನ್ನುವುದು ಕಾಯ್ದೆಯ ಆಶಯಕ್ಕೆ ಹೊಂದುವುದಿಲ್ಲ. ಬೇಕಾದ್ದನ್ನು ಮೊದಲು ಕೇಳಿ ನೋಡಿ.

ಅಮೆರಿಕದ ಡಿಸ್ನಿಯಲ್ಲಿ ವೈದ್ಯರ ಸರ್ಟಿಫಿಕೇಟ್ ಬೇಕಾ?
ಬೇಡ. ವಿಡಿಯೋ ಕಾಲ್‌ನಲ್ಲಿ ತೊಂದರೆ ವಿವರಿಸಬೇಕು. ಇಂಗ್ಲಿಷ್ ಸಲೀಸಾಗಿ ಬಾರದ ಅಜ್ಜ-ಅಜ್ಜಿಯರು ಮಗನನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ.

ವಯಸ್ಸಾದವರಿಗೆ, ಮಂಡಿ ನೋವಿನವರಿಗೆ ಡಾಸ್ ಸಿಗುತ್ತಾ?
ಸಿಗುವುದಿಲ್ಲ. ಪಾರ್ಕ್‌ನಲ್ಲೇ ವೀಲ್‌ಚೇರ್ ಬಾಡಿಗೆಗೆ ಸಿಗುತ್ತದೆ. ಅದರಲ್ಲಿ ಕೂತು ಕ್ಯೂನಲ್ಲಿ ಬರಲು ಹೇಳುತ್ತಾರೆ.

ಶಾಲೆಯವರು ಏನು ಮಾಡಬಹುದು?
ಪ್ರವಾಸದ ಪಟ್ಟಿ ಮಾಡುವಾಗ ಬಿಟ್ಟುಹೋದ ಮಗುವಿನ ಮನೆಗೆ ಒಂದು ಫೋನ್ ಮಾಡಿ ಕಾರಣ ಕೇಳಿ. ಕಾರಣ ಕ್ಯೂ ಎಂದಾದರೆ, ಪಾರ್ಕ್‌ಗೆ ಇನ್ನೊಂದು ಫೋನ್ ಮಾಡಿ. ಮಗುವಿನ ಅಪ್ಪನನ್ನೋ ಅಮ್ಮನನ್ನೋ ಜೊತೆಗೆ ಬರಲು ಹೇಳಿ. ಬಸ್ಸಿನಲ್ಲಿ ಎರಡು ಸೀಟು ಹೆಚ್ಚಾಗಬಹುದು, ಅಷ್ಟೇ.

ಈ ಮಾಹಿತಿ ಬೇಕಾದ ಮನೆ ನಿಮ್ಮ ಬೀದಿಯಲ್ಲೇ ಇರಬಹುದು. ಅವರಿಗೆ ತಲುಪಿಸಿ.